ಪುಸ್ತಕ ಹೊತ್ತ ಎತ್ತು



ಆಷಾಢ ಬಹುಳ ಪಂಚಮಿಯು ಶ್ರೀಮಜ್ಜಯತೀರ್ಥ ಶ್ರೀಪಾದಂಗಳವರ ಆರಾಧನೆಯ ಪುಣ್ಯದಿನವೆಂಬುದು ಮಾಧ್ವರ ಮನೆಯ ಮಕ್ಕಳಿಗೂ ತಿಳಿದ ಸಂಗತಿ. ಆ ದಿನ ನಮ್ಮ ದೇವಸ್ಥಾನದಲ್ಲಿ ಪ್ರತಿವರ್ಷದಂತೆ ಪಂಚಾಮೃತಾಭಿಷೇಕ, ಅಲಂಕಾರಪೂಜೆ, ಶ್ರೀಮನ್ನ್ಯಾಯಸುಧಾ ಗ್ರಂಥದ ಮೆರವಣಿಗೆ, ತೀರ್ಥಪ್ರಸಾದ ಹಾಗೂ ಸಾಯಂಕಾಲ ಉಪನ್ಯಾಸವು ನೆರವೇರಲಿರುವುದು. ಉಪನ್ಯಾಸದಲ್ಲಿ ನಾವು ಹೇಳಬೇಕೆಂದಿರುವ ವಿಷಯವನ್ನು ಈ ಪುಟಗಳಲ್ಲಿ ಮುಂಚಿತವಾಗಿಯೇ ನಿವೇದಿಸುತ್ತಿದ್ದೇವೆ. ಉಪನ್ಯಾಸಕ್ಕೆ ಬರುವವರಿಗಿಂತ ಪ್ರಸಾದಕ್ಕೆ ಬರುವವರ ಸಂಖ್ಯೆ ಹೆಚ್ಚೆಂಬುದನ್ನು ಬಲ್ಲವರು ಇದಕ್ಕೆ ಕಾರಣ ಕೇಳಲಾರರು.

ಶ್ರೀಮಟ್ಟೀಕಾರಾಯರ ಪೂರ್ವಾಶ್ರಮದ ವೃತ್ತಾಂತವನ್ನು ನಾವೆಲ್ಲರೂ ಅಜ್ಜಿಯ ತೊಡೆಯ ಮೇಲೆ ಕೇಳಿದವರೇ. ಮಂಗಳವೇಢೆಯ ಶ್ರೀಮಂತ ಮನೆತನದ ತರುಣ ಧೋಂಡೋಪಂತರು ಕುದುರೆಯನ್ನೇರಿ ಬಂದು, ಬಾಯಾರಿ ನದಿಗಿಳಿದರು. ಕುದುರೆಯಿಂದ ಇಳಿಯಲಿಲ್ಲ, ಬೊಗಸೆಯನ್ನೂ ಒಡ್ಡಲಿಲ್ಲ. ಕುಳಿತಲ್ಲಿಂದಲೇ ಬಾಗಿ, ದನವು ನೀರು ಕುಡಿಯುವ ರೀತಿಯಲ್ಲಿ ಬಾಯನ್ನು ಪ್ರವಾಹಕ್ಕೆ ಹಚ್ಚಿ ಕುಡಿದರು. ದಡದಲ್ಲಿದ್ದ ಶ್ರೀಅಕ್ಷೋಭ್ಯತೀರ್ಥರು ಅದನ್ನು ಕಂಡು, ಹಿಂದಿನ ದೇಹದಲ್ಲಿ ನೀನು ಪಶುವಾಗಿದ್ದೆಯಾ ಎಂಬರ್ಥದ ಒಂದೇ ಒಂದು ಪ್ರಶ್ನೆಯನ್ನು ಕೇಳಿದರಂತೆ. ಆ ಪ್ರಶ್ನೆಯಿಂದ ತರುಣರಿಗೆ ಪೂರ್ವಜನ್ಮದ ಸ್ಮರಣೆ ಎಚ್ಚೆತ್ತಿತು. ತಾವು ಶ್ರೀಮದಾಚಾರ್ಯರ ಸಂಚಾರಕಾಲದಲ್ಲಿ ಅವರ ಗ್ರಂಥಗಳ ಭಾರವನ್ನು ಬೆನ್ನಿನ ಮೇಲೆ ಹೊತ್ತು ನಡೆಯುತ್ತಿದ್ದ ಎತ್ತಾಗಿದ್ದೆವೆಂದೂ, ಪಾಠದ ವೇಳೆಯಲ್ಲಿ ಮರದ ನೆರಳಿನಲ್ಲಿ ನಿಂತು ಎಲ್ಲವನ್ನೂ ಕಿವಿಗೊಟ್ಟು ಕೇಳುತ್ತಿದ್ದೆವೆಂದೂ ಅವರಿಗೆ ನೆನಪಾಯಿತು. ತಮ್ಮ ಗ್ರಂಥಗಳಿಗೆ ಮುಂದೆ ಟೀಕೆ ಬರೆಯುವವರಾರೆಂದು ಶಿಷ್ಯರು ಕೇಳಿದಾಗ ಆಚಾರ್ಯರು ಆ ಎತ್ತನ್ನೇ ತೋರಿಸಿದರೆಂದು ನಮ್ಮ ಸಂಪ್ರದಾಯವು ಹೇಳುತ್ತದೆ.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ನಾವು ಓದಿದ ಪಾಠಶಾಲೆಯಲ್ಲಿ ಪಾಠವನ್ನೊಪ್ಪಿಸಲಾರದ ವಿದ್ಯಾರ್ಥಿಯನ್ನು "ಎತ್ತು" ಎಂದು ಬಯ್ಯುವ ವಾಡಿಕೆಯಿತ್ತು. ಟೀಕಾರಾಯರ ಚಿತ್ರಪಟದ ಕೆಳಗೇ ಈ ಬೈಗುಳವು ಪ್ರತಿದಿನ ಮೊಳಗುತ್ತಿತ್ತು. ಬಯ್ದವರಿಗಾಗಲಿ ಬಯ್ಯಿಸಿಕೊಂಡ ನಮಗಾಗಲಿ ಅದರಲ್ಲಿನ ವಿಪರ್ಯಾಸವು ಎಂದೂ ಹೊಳೆದಿರಲಿಲ್ಲ.

ಈ ಕಥೆಯನ್ನು ಹೇಳಿದಾಗಲೆಲ್ಲ ತಿಳಿದವರು ಒಂದು ಆಕ್ಷೇಪವನ್ನು ಎತ್ತುವುದುಂಟು. "ಆ ಎತ್ತು ಸಾಮಾನ್ಯ ಪಶುವಲ್ಲ, ಸಾಕ್ಷಾತ್ ಇಂದ್ರದೇವರ ಅಂಶ. ಅದನ್ನು ನಿದರ್ಶನವಾಗಿ ಹಿಡಿದು ಕೊಟ್ಟಿಗೆಯ ದನಗಳಿಗೆಲ್ಲ ಬುದ್ಧಿಯುಂಟೆನ್ನುವುದು ಹೇಗೆ?" ಎನ್ನುವರು. ಆಕ್ಷೇಪವು ಸಾಧುವಾದುದೇ. ಆದರೆ ಜೊತೆಯಲ್ಲಿ ನಡೆಯುತ್ತಿದ್ದ ಶಿಷ್ಯರ ಕಣ್ಣಿಗೆ ಅದು ಹೇಗೆ ಕಾಣುತ್ತಿತ್ತು ಎಂಬುದನ್ನು ಯೋಚಿಸಬೇಕು. ಅವರ ಪಾಲಿಗೆ ಅದು ಹೊರೆ ಹೊರುವ ಒಂದು ಎತ್ತು, ಅಷ್ಟೆ. ಹೊರೆ ಇಳಿಸಿದ ಮೇಲೆ ಅದಕ್ಕೆ ನೀರು ತೋರಿಸಿದವನೂ, ತೋರಿಸದೆ ಮಲಗಿದವನೂ ತಾನು ಯಾರಿಗೆ ಏನು ಮಾಡಿದೆನೆಂಬುದನ್ನು ಅರಿಯರು. ಯಾವ ದೇಹದೊಳಗೆ ಯಾವ ಜೀವನು ಕುಳಿತಿರುವನೆಂಬುದನ್ನು ಚರ್ಮಚಕ್ಷುಸ್ಸಿನಿಂದ ತಿಳಿಯಲಾಗದೆಂಬುದನ್ನು ಒಪ್ಪಿದ ಮೇಲೆ, ಇದು ಅಂಶವುಳ್ಳದ್ದು, ಇದು ಬರಿಯ ದನ ಎಂದು ವಿಂಗಡಿಸುವ ಅಧಿಕಾರವು ನಮಗೆ ಎಲ್ಲಿಂದ ಬಂತು?

ಇನ್ನು ಬರಿಯ ದನದ ವಿಚಾರಕ್ಕೇ ಬರೋಣ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ಹೇಗನ್ ಮತ್ತು ಡೊನಾಲ್ಡ್ ಬ್ರೂಮ್ ಎಂಬ ವಿದ್ವಾಂಸರು 2004ರಲ್ಲಿ ಒಂದು ಪರೀಕ್ಷೆಯ ವಿವರವನ್ನು ಪ್ರಕಟಿಸಿದರು. ಪಡ್ಡೆಹಸುಗಳನ್ನು ಎರಡು ಗುಂಪು ಮಾಡಿದರು. ಮೊದಲನೆಯ ಗುಂಪಿನ ಹಸು ಒಂದು ಹಲಗೆಯನ್ನು ಒತ್ತಿದರೆ ಬಾಗಿಲು ತೆರೆದು ಮೇವಿನ ದಾರಿ ಬಿಡುತ್ತಿತ್ತು. ಆ ಉಪಾಯವನ್ನು ಹಸುವು ತಾನೇ ಕಲಿಯಬೇಕಾಗಿತ್ತು. ಎರಡನೆಯ ಗುಂಪಿನದಕ್ಕೆ ಅಷ್ಟೇ ಹೊತ್ತಿಗೆ, ಅಷ್ಟೇ ಮೇವಿಗೆ, ಬಾಗಿಲು ತಾನಾಗಿ ತೆರೆಯುತ್ತಿತ್ತು. ಎರಡಕ್ಕೂ ದೊರೆತ ಮೇವು ಒಂದೇ. ಆದರೆ ಕಲಿಯುತ್ತಿದ್ದ ಹಸುವು ಉಪಾಯವನ್ನು ಹಿಡಿದ ಸಮಯದಲ್ಲಿ ಅದರ ಎದೆಬಡಿತವು ಏರುತ್ತಿತ್ತು, ಅದು ಹೆಚ್ಚು ಹುರುಪಿನಿಂದ ಮೇವಿನತ್ತ ನಡೆಯುತ್ತಿತ್ತು ಎಂದು ಅವರು ಕಂಡರು. ಅಂದರೆ ಅದರ ಹುರುಪು ಮೇವಿಗಾಗಿ ಮಾತ್ರವಲ್ಲ. ತಾನು ಕಲಿತೆನೆಂಬುದಕ್ಕೂ ಇರಬಹುದೆಂಬುದು ಅವರ ಊಹೆ. ಇದನ್ನು ಓದಿದಂದು ನಮಗೆ ಮರದ ನೆರಳಿನಲ್ಲಿ ನಿಂತು ಪಾಠ ಕೇಳುತ್ತಿದ್ದ ಆ ಎತ್ತಿನ ಕಿವಿಗಳು ಕಣ್ಣಿಗೆ ಕಟ್ಟಿದವು.

ಜರ್ಮನಿಯಲ್ಲಿ ಬೇರೊಂದು ತಂಡದವರು ಕರುಗಳಿಗೆ ನಿಗದಿಯಾದ ಜಾಗಕ್ಕೇ ಹೋಗಿ ಮೂತ್ರ ಮಾಡುವುದನ್ನು ಕಲಿಸಿದರು. 16 ಕರುಗಳಲ್ಲಿ 11 ಕಲಿತವೆಂದು 2021ರಲ್ಲಿ ಪ್ರಕಟವಾಯಿತು. ನಮ್ಮ ಊರಿನ ಬಸ್ ನಿಲ್ದಾಣದ ಗೋಡೆಯನ್ನು ಕಂಡವರಿಗೆ ಈ ಸಂಖ್ಯೆಯು ಸಣ್ಣದೆನಿಸದು. ತನ್ನನ್ನು ಹೊಡೆದವನನ್ನೂ ಸವರಿದವನನ್ನೂ ದನವು ಬೇರೆಬೇರೆಯಾಗಿ ಗುರುತಿಟ್ಟುಕೊಳ್ಳುವುದೆಂಬುದಂತೂ ಪರೀಕ್ಷೆಗಳಿಂದ ಸಿದ್ಧವಾಗಿದೆ. ಅದಕ್ಕೆ ಪರೀಕ್ಷೆ ಬೇಕಿರಲಿಲ್ಲ, ಹಾಲು ಕರೆಯುವ ಯಾವ ತಾಯಿಯನ್ನು ಕೇಳಿದರೂ ಸಾಕಿತ್ತು ಎನ್ನಬಹುದು. 1596ರಿಂದ 1650ರವರೆಗೆ ಬದುಕಿದ್ದ ಡೆಕಾರ್ಟ್ ಎಂಬ ಫ್ರಾನ್ಸಿನ ದಾರ್ಶನಿಕನು ಪಶುಗಳನ್ನು ಗಡಿಯಾರದಂತಹ ಯಂತ್ರಗಳೆಂದು ಪ್ರತಿಪಾದಿಸಿದ್ದನ್ನು ನಾವು ಬಿ.ಎ. ತರಗತಿಯಲ್ಲಿ ಓದಿದ್ದೆವು. ಆ ಮಾತಿನ ನೆರಳಿನಿಂದ ಹೊರಬಂದು, ಅನುಭವಿಸುವ ಸಾಮಗ್ರಿಯು ಮಾನವನಲ್ಲಿ ಮಾತ್ರವೇ ಇಲ್ಲ, ಪಶುಪಕ್ಷಿಗಳಲ್ಲಿಯೂ ಇದೆಯೆಂದು ವಿಜ್ಞಾನಿಗಳ ಒಂದು ಸಮೂಹವು ಕೇಂಬ್ರಿಜ್‌ನಲ್ಲಿ ಘೋಷಿಸಿದ್ದು 2012ರ ಜುಲೈ 7ರಂದು.

ನಮಗಾದರೋ ಈ ಘೋಷಣೆಗಾಗಿ ಕಾಯುವ ಅಗತ್ಯವಿರಲಿಲ್ಲ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಜಗತ್ತು ಸತ್ಯ; ಜೀವರು ಪರಸ್ಪರ ಭಿನ್ನರು. ಪಶುವಿನ ದೇಹದಲ್ಲಿರುವವನೂ ತನ್ನದೇ ಸ್ವರೂಪವುಳ್ಳ ಒಬ್ಬ ಜೀವನೇ. ನಮ್ಮ ಉಪಯೋಗಕ್ಕಾಗಿ ಒದಗಿದ ಸಾಮಗ್ರಿಯಲ್ಲ. ಸುಖದುಃಖಗಳನ್ನು ಅರಿಯುವ ಸಾಕ್ಷಿಯು ಪ್ರತಿ ಜೀವನಲ್ಲಿಯೂ ಉಂಟು. ಸಾಕ್ಷಿಯ ಅನುಭವವು ಎಂದೂ ಸುಳ್ಳಾಗದೆಂಬುದು ನಾವು ಪ್ರತಿವಾದಿಗಳ ಮುಂದೆ ಎದೆತಟ್ಟಿ ಹೇಳುವ ಮಾತು. ಹಾಗಾದರೆ ಬಾರುಕೋಲಿನ ಏಟು ಬಿದ್ದ ಎತ್ತಿನ ನೋವು ನಮ್ಮ ಹಲ್ಲುನೋವಿನಷ್ಟೇ ಸತ್ಯವಾಗಬೇಕಲ್ಲವೇ? ವಾದಸಭೆಯಲ್ಲಿ ಒಪ್ಪಿ ಕೊಟ್ಟಿಗೆಯಲ್ಲಿ ಬಿಡುವುದು ಸರಿಯೇ? ಯಜ್ಞದಲ್ಲಿಯೂ ಜೀವಂತ ಪಶುವಿನ ಬದಲಾಗಿ ಹಿಟ್ಟಿನ ಪಶುವನ್ನು ಬಳಕೆಗೆ ತಂದವರು ಆಚಾರ್ಯರೆಂದು ಹೆಮ್ಮೆಪಡುವ ಸಂಪ್ರದಾಯ ನಮ್ಮದು. ಅವರ ಬಾಲ್ಯವೇ ಎತ್ತುಗಳೊಡನೆ ಹೆಣೆದುಕೊಂಡಿದೆ. ಪಾಜಕದ ಮನೆಯಿಂದ ಎತ್ತಿನ ಬಾಲ ಹಿಡಿದು ಹೊರಟ ಪುಟ್ಟ ವಾಸುದೇವನು ದಿನವೆಲ್ಲ ಕಾಡು ಸುತ್ತಿ ಸಂಜೆಗೆ ಅದೇ ಬಾಲವನ್ನು ಹಿಡಿದು ಮರಳಿದ ಪ್ರಸಂಗವು ಶ್ರೀಸುಮಧ್ವವಿಜಯದಲ್ಲಿದೆ.

ಹೀಗೆಂದ ಮಾತ್ರಕ್ಕೆ ಪಶುವೂ ಮಾನವನೂ ಸಮಾನರೆಂದು ನಾವು ಹೇಳುತ್ತಿಲ್ಲ. ತಾರತಮ್ಯವನ್ನು ಬಿಟ್ಟು ನಮ್ಮ ಮತದಲ್ಲಿ ಮಾತಿಲ್ಲ. ವಿಧಿನಿಷೇಧಗಳು ಮಾನವನಿಗೆ ಮಾತ್ರ. ಪಶುವು ಶಾಸ್ತ್ರವನ್ನೋದಿ ಧರ್ಮಾಧರ್ಮವನ್ನು ವಿವೇಚಿಸದು. ಆದುದರಿಂದಲೇ ಹೊಣೆಯೂ ಒಂದೇ ಕಡೆಗೆ ವಾಲಿದೆ. ಎತ್ತು ನಮ್ಮನ್ನು ಒದ್ದರೆ ಅದಕ್ಕೆ ಪಾಪವಿಲ್ಲ, ನಾವು ಎತ್ತನ್ನು ಒದ್ದರೆ ಉಂಟು.

ಮಹಾಭಾರತದ ವನಪರ್ವದಲ್ಲಿ ಶ್ರೀವೇದವ್ಯಾಸದೇವರು ಧೃತರಾಷ್ಟ್ರನಿಗೆ ಹೇಳುವ ಸುರಭಿಯ ಉಪಾಖ್ಯಾನವನ್ನು ಈ ಸಂದರ್ಭದಲ್ಲಿ ನೆನೆಯಬೇಕು. ಗೋಮಾತೆಯಾದ ಸುರಭಿಯು ಸ್ವರ್ಗದಲ್ಲಿ ಅಳುತ್ತಿದ್ದಳು. ದೇವೇಂದ್ರನು ಕಾರಣ ಕೇಳಿದಾಗ, ಭೂಮಿಯಲ್ಲಿ ನೇಗಿಲಿಗೆ ಕಟ್ಟಿದ ತನ್ನ ಮಕ್ಕಳಿಬ್ಬರನ್ನು ತೋರಿಸಿದಳು. ಬಲವುಳ್ಳ ಎತ್ತು ಭಾರವನ್ನು ಎಳೆಯುತ್ತಿತ್ತು. ಬಡಕಲಾದ ಇನ್ನೊಂದು ಎಳೆಯಲಾರದೆ ರೈತನ ಕೋಲಿನ ತಿವಿತಕ್ಕೆ ನಲುಗುತ್ತಿತ್ತು. ನಿನಗೆ ಸಾವಿರಾರು ಮಕ್ಕಳಿರುವಾಗ ಒಂದಕ್ಕಾಗಿ ಅಳುವುದೇಕೆಂದು ಇಂದ್ರನು ಕೇಳಿದನು. ಎಲ್ಲರೂ ನನಗೆ ಸಮಾನರೇ, ಆದರೆ ದೀನನಾದವನ ಮೇಲೆ ಕರುಣೆ ಹೆಚ್ಚು ಎಂಬುದು ಆಕೆಯ ಉತ್ತರದ ಸಾರ. ಆಗ ಇಂದ್ರನು ಮಾಡಿದ್ದೇನು? ರೈತನಿಗೆ ಶಾಪ ಕೊಡಲಿಲ್ಲ. ಅಕಸ್ಮಾತ್ತಾಗಿ ದೊಡ್ಡ ಮಳೆಯನ್ನು ಸುರಿಸಿದನು, ಉಳುಮೆ ನಿಂತಿತು. ಪಾಂಡವರು ಕಾಡುಪಾಲಾಗಿದ್ದಾಗ ದುರ್ಬಲ ಮಕ್ಕಳ ಮೇಲೆ ತಂದೆಗಿರಬೇಕಾದ ಕರುಣೆಯನ್ನು ಕುರುಡು ದೊರೆಗೆ ತಿಳಿಸಲು ಭಗವಾನ್ ವ್ಯಾಸರಿಗೆ ಸಿಕ್ಕಿದ ದೃಷ್ಟಾಂತವು ಒಂದು ಎತ್ತಿನ ತಾಯಿಯ ಕಣ್ಣೀರು.

ಇಲ್ಲಿಯವರೆಗೆ ಗ್ರಂಥಗಳ ಮಾತಾಯಿತು. ಇನ್ನು ಮುಂದಿನದು ನಮ್ಮ ಮನೆಯ ಮಾತು. ಬರೆಯಲು ಸಂಕೋಚವಿದ್ದರೂ ತೀರ್ಥರೂಪರ ಅನುಮತಿಯನ್ನು ಪಡೆದೇ ಬರೆಯುತ್ತಿದ್ದೇವೆ.

ನಾವು ಹತ್ತು ವರ್ಷದವರಿದ್ದಾಗ ನಮ್ಮ ಕೊಟ್ಟಿಗೆಯಲ್ಲಿ ಕಾವೇರಿ ಎಂಬ ಹಸುವಿತ್ತು. ತೀರ್ಥರೂಪರು ಅರ್ಚಕರು, ದೇವರ ಅಭಿಷೇಕಕ್ಕೆ ಆ ಹಸುವಿನ ಹಾಲೇ ಹೋಗುತ್ತಿತ್ತು. ಆ ವರ್ಷ ಅದು ಗಂಡುಕರುವನ್ನು ಈದಿತು. ಎರಡು ತಿಂಗಳು ಕಳೆಯುವುದರೊಳಗೆ ಆ ಕರು ನಮ್ಮ ಬೆನ್ನು ಬಿಡದ ಗೆಳೆಯನಾಯಿತು. ಶಾಲೆಯಿಂದ ಬರುವ ಹೊತ್ತಿಗೆ ಉಣುಗೋಲಿನ ಬಳಿ ನಿಂತಿರುತ್ತಿತ್ತು. ಒಂದು ದಿನ ದನದ ವ್ಯಾಪಾರಿಯೊಬ್ಬರು ಬಂದರು. ಬಯಲುಸೀಮೆಯಲ್ಲಿ ಸಾಕುವವರಿದ್ದಾರೆ, ಅವರಿಗೇ ಕೊಡುತ್ತೇನೆಂದರು. ದೊಡ್ಡವರು ಅದನ್ನು ನಂಬಿದರೋ, ನಂಬಿದಂತೆ ಇದ್ದರೋ, ನಾವರಿಯೆವು. ಕರು ಅವರ ಹಿಂದೆ ಹೆಜ್ಜೆಯಿಡಲೊಲ್ಲದು. ಹೊಡೆಯುವುದು ಬೇಡ, ನೀನು ಮುಂದೆ ನಡೆ, ಅದು ಬರುತ್ತದೆ ಎಂದು ನಮ್ಮ ಕೈಗೇ ಕಣ್ಣಿಯನ್ನು ಕೊಟ್ಟರು. ಅದು ಬಂದಿತು. ಬೀದಿಯ ತಿರುವಿನಲ್ಲಿ ನಿಂತಿದ್ದ ವಾಹನದವರೆಗೆ, ನಮ್ಮ ಅಂಗಿಯ ತುದಿಯನ್ನು ನೆಕ್ಕುತ್ತಾ, ನಮ್ಮ ಹಿಂದೆಯೇ ಬಂದಿತು.

ಕಾವೇರಿಯು ಮೂರು ಹಗಲು ಮೂರು ರಾತ್ರಿ ಕೂಗಿತು. ನಾಲ್ಕನೆಯ ದಿನ ಕೂಗು ನಿಂತಿತು. ಮಾತೃಶ್ರೀಯವರು ಹಿಂಡಿಯನ್ನಿಟ್ಟು ಸವರಿ ಸಂತೈಸಿ ಹಾಲು ಕರೆದರು. ಆ ಹಾಲು ಎಂದಿನಂತೆ ಬೆಳ್ಳಿಯ ಗಿಂಡಿಯಲ್ಲಿ ಗರ್ಭಗೃಹಕ್ಕೆ ಹೋಯಿತು.

ಆರು ವರ್ಷಗಳ ಅನಂತರ ಪಾಠಶಾಲೆಯಲ್ಲಿ ಧರ್ಮಶಾಸ್ತ್ರದ ಪಾಠ ನಡೆಯುತ್ತಿತ್ತು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ವರ್ಜ್ಯವಾದ ಹಾಲುಗಳ ಪ್ರಸಂಗ ಬಂದಿತು. ಈದು ಹತ್ತು ದಿನ ಕಳೆಯದ ಹಸುವಿನ ಹಾಲು ವರ್ಜ್ಯ. ಇದು ಎಲ್ಲರಿಗೂ ತಿಳಿದದ್ದು. ಅದೇ ಸಾಲಿನಲ್ಲಿ ಮುಂದೆ, ವಿವತ್ಸೆಯಾದ, ಎಂದರೆ ಕರುವಿಲ್ಲದಂತಾದ ಹಸುವಿನ ಹಾಲೂ ವರ್ಜ್ಯವೆಂದಿದೆ. ಗುರುಗಳು ಅರ್ಥವನ್ನು ಹೇಳಿ ಮುಂದಿನ ಶ್ಲೋಕಕ್ಕೆ ಸಾಗಿದರು. ನಾವು ಅಲ್ಲಿಯೇ ಉಳಿದೆವು.

ದೀಪಾವಳಿಯ ರಜೆಗೆ ಊರಿಗೆ ಬಂದಾಗ ತೀರ್ಥರೂಪರು ಗಂಧ ತೇಯುತ್ತ ಕುಳಿತಿದ್ದರು. "ಅಪ್ಪಯ್ಯ, ಕಾವೇರಿಯ ಕರುವನ್ನು ಕೊಟ್ಟ ಮೇಲೆಯೂ ಅದರ ಹಾಲನ್ನು ಅಭಿಷೇಕಕ್ಕೆ ಒಯ್ಯುತ್ತಿದ್ದಿರಿ. ವಿವತ್ಸೆಯ ಹಾಲು ನಿಷಿದ್ಧವೆಂಬುದು ಆಗ ತಿಳಿದಿರಲಿಲ್ಲವೇ?" ಎಂದು ಕೇಳಿಯೇಬಿಟ್ಟೆವು. ಹದಿನಾರರ ವಯಸ್ಸು, ಓದಿದ್ದು ಸ್ವಲ್ಪ, ಗರ್ವ ಬಹಳ.

ಅವರು ತೇಯುವುದನ್ನು ನಿಲ್ಲಿಸಲಿಲ್ಲ. "ತಿಳಿದಿತ್ತು ಮಗ. ತಿಳಿದೇ ಒಯ್ದೆ. ಆ ವರ್ಷ ತಟ್ಟೆಗೆ ಬೀಳುತ್ತಿದ್ದ ಕಾಸಿನಲ್ಲಿ ಹೊರಗಿನಿಂದ ಹಾಲು ಕೊಳ್ಳುವಂತಿರಲಿಲ್ಲ. ಇನ್ನೊಂದು ಹೊಟ್ಟೆಗೆ ಹುಲ್ಲು ಹಾಕುವಂತೆಯೂ ಇರಲಿಲ್ಲ. ದೇವರು ಅದನ್ನು ಸ್ವೀಕರಿಸಿದನೋ ಇಲ್ಲವೋ ನಾನು ಹೇಳಲಾರೆ. ಕಾವೇರಿ ಮಾತ್ರ ಮರೆಯಲಿಲ್ಲ. ಆಮೇಲೆ ನಾನು ಹತ್ತಿರ ಹೋದರೆ ಕಾಲು ಝಾಡಿಸುತ್ತಿತ್ತು. ಅದು ಸಾಯುವವರೆಗೂ ನಿನ್ನ ಅಮ್ಮನೇ ಹಾಲು ಕರೆದದ್ದು, ನೋಡಿಲ್ಲವೇ ನೀನು?" ಎಂದರು.

ನೋಡಿದ್ದೆವು. ಕಾರಣವನ್ನು ಕೇಳಿರಲಿಲ್ಲ. ಕಣ್ಣಿ ಹಿಡಿದವರು ನಾವೆಂಬುದನ್ನು ಅವರು ಆ ದಿನವೂ ಎತ್ತಿ ಆಡಲಿಲ್ಲ.

ಇದು ಒಂದು ಮನೆಯ ಕಥೆಯಾಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಾಗಿತ್ತು. 2019ರಲ್ಲಿ ನಡೆದ ದೇಶದ 20ನೆಯ ಜಾನುವಾರು ಗಣತಿಯ ಅಂಕಿಗಳನ್ನು ನೋಡಿರಿ. ಒಟ್ಟು ದನಗಳು ಸುಮಾರು 19.25 ಕೋಟಿ, ಅವುಗಳಲ್ಲಿ ಹೆಣ್ಣು 14.51 ಕೋಟಿ, ಗಂಡು 4.74 ಕೋಟಿ. 2012ರ ಗಣತಿಯಲ್ಲಿ ಗಂಡುದನಗಳು 6.79 ಕೋಟಿ ಇದ್ದವು. ಅದೇ ಏಳು ವರ್ಷಗಳಲ್ಲಿ ಹೆಣ್ಣು ಶೇಕಡಾ 18ರಷ್ಟು ಹೆಚ್ಚಿದರೆ ಗಂಡು ಶೇಕಡಾ 30ರಷ್ಟು ಇಳಿಯಿತು. ಪ್ರಕೃತಿಯಲ್ಲಿ ಗಂಡುಕರುವೂ ಹೆಣ್ಣುಕರುವೂ ಹೆಚ್ಚುಕಡಿಮೆ ಸಮವಾಗಿಯೇ ಹುಟ್ಟುತ್ತವೆ. ಗದ್ದೆಗೆ ಟ್ರ್ಯಾಕ್ಟರು, ಟಿಲ್ಲರು ಬಂದವು, ಗಾಡಿಯ ಜಾಗಕ್ಕೆ ಟೆಂಪೋ ಬಂದಿತು, ಎತ್ತಿಗೆ ಕೆಲಸವಿಲ್ಲವಾಯಿತು. ಕೆಲಸವಿಲ್ಲದ ಎತ್ತಿಗೆ ಮೇವೂ ಇಲ್ಲವಾಯಿತು. ರೈತನನ್ನು ದೂರಿ ಪ್ರಯೋಜನವಿಲ್ಲ. ಅವನಿಗೂ ನಮ್ಮ ತೀರ್ಥರೂಪರಿಗಿದ್ದ ಕಷ್ಟವೇ ಇದೆ. ಹಾಲು ಮಾತ್ರ ಎಲ್ಲರಿಗೂ ಬೇಕು. ಪ್ಯಾಕೆಟ್ಟಿನ ಹಾಲನ್ನು ಕತ್ತರಿಸಿ ಪಾತ್ರೆಗೆ ಸುರಿಯುವಾಗ, ಆ ಹಾಲಿಗೊಂದು ಕರುವಿತ್ತು, ಅದು ಗಂಡಾಗಿದ್ದರೆ ಈಗ ಎಲ್ಲಿದೆ ಎಂದು ಕೇಳಿಕೊಂಡವರೆಷ್ಟು ಮಂದಿ? ಮಡಿಯ ವಿಷಯದಲ್ಲಿ ಹಾಲಿನ ಪಾತ್ರೆಯನ್ನು ಮೂರು ಸಲ ತೊಳೆಯುವ ನಾವು ಈ ಒಂದು ಪ್ರಶ್ನೆಯನ್ನು ತೊಳೆಯದೆ ಬಿಟ್ಟಿದ್ದೇವೆ.

ಹಾಲನ್ನೇ ಬಿಡಿರೆಂದು ನಾವು ಹೇಳುವವರಲ್ಲ. ಪಂಚಾಮೃತವಿಲ್ಲದ ಪೂಜೆಯನ್ನು ನಾವೂ ಕಲ್ಪಿಸಿಕೊಳ್ಳಲಾರೆವು. ಆದರೆ ಶಾಸ್ತ್ರವೇ ನಮ್ಮ ಕೈಗೊಂದು ಉಪಾಯವನ್ನು ಕೊಟ್ಟಿದೆಯೆಂದು ನಮಗೆ ತೋರುತ್ತದೆ. ಚಾತುರ್ಮಾಸ್ಯದಲ್ಲಿ ಶಾಕವ್ರತ, ದಧಿವ್ರತಗಳು ಮುಗಿದು ಭಾದ್ರಪದ ಶುದ್ಧದಲ್ಲಿ ಕ್ಷೀರವ್ರತವು ಆರಂಭವಾಗುವುದು. ಒಂದು ತಿಂಗಳು ಹಾಲು ವರ್ಜ್ಯ. (ಮೊಸರು, ತುಪ್ಪಗಳಿಗೆ ಆಗ ನಿಷೇಧವಿಲ್ಲ, ಹಾಲಿಲ್ಲದ ಕಾಫಿಯ ಮುಂದೆ ಮುಖ ಸಣ್ಣದು ಮಾಡಿ ಕುಳಿತ ಗೃಹಸ್ಥರನ್ನು ನಾವು ಪ್ರತಿವರ್ಷ ಕಾಣುತ್ತೇವೆ.) ಆ ತಿಂಗಳು ಪ್ರತಿ ಮನೆಯಲ್ಲಿಯೂ ಹಾಲಿನ ಹಣ ಉಳಿಯುತ್ತದೆ. ಇದುವರೆಗೆ ಅದು ಬೇರೆ ಖರ್ಚಿನಲ್ಲಿ ಕರಗಿಹೋಗುತ್ತಿತ್ತು. ಅದು ಕರುವಿನ ಪಾಲೆಂದು ಎತ್ತಿಡಬಾರದೇಕೆ?

ಈ ವಿಷಯವನ್ನು ದೇವಸ್ಥಾನದ ಹಿರಿಯರ ಮುಂದಿಟ್ಟಿದ್ದೇವೆ. ಒಬ್ಬಿಬ್ಬರು ಇದರಿಂದ ಎಷ್ಟು ಕರುಗಳು ಬದುಕಿಯಾವೆಂದು ಕೇಳಿದರು. ಎರಡೋ ಮೂರೋ ಎಂದೆವು. ಅಷ್ಟಕ್ಕೇ ಒಪ್ಪಿಗೆ ದೊರೆತಿದೆ. ದೇವಸ್ಥಾನದ ಹಿಂಬದಿಯ ಹಳೆಯ ಗಾಡಿಮನೆಯನ್ನು ದುರಸ್ತಿ ಮಾಡಿ ಗೋದಲಿ ಕಟ್ಟಿಸಲಾಗಿದೆ. ಅಭಿಷೇಕಕ್ಕೆ ಹಾಲು ಕೊಡುವ ಹಸುಗಳ ಗಂಡುಕರುಗಳನ್ನು ಮೊದಲು ತರುವುದೆಂದೂ, ಅವುಗಳ ಆಯುಸ್ಸು ಮುಗಿಯುವವರೆಗೆ ಮಾರಕೂಡದೆಂದೂ ನಿಶ್ಚಯವಾಗಿದೆ. ಮೊದಲನೆಯದು ಈಗಾಗಲೇ ಬಂದಿದೆ. ಮೇಲ್ವಿಚಾರಣೆಯನ್ನು ತೀರ್ಥರೂಪರು ತಾವಾಗಿಯೇ ಕೇಳಿ ವಹಿಸಿಕೊಂಡಿದ್ದಾರೆ. ಎಪ್ಪತ್ತು ದಾಟಿದ ಅವರಿಗೆ ಈ ಕೆಲಸ ಬೇಡವೆಂದರೆ ಕೇಳುವುದಿಲ್ಲ. ಕರುವಾದರೋ ಹದಿನೈದು ದಿನಗಳೊಳಗೆ ಗೋಡೆಯ ಬಳಿಯ ಅಡ್ಡಗಳುವನ್ನು ಮೂತಿಯಿಂದ ಎತ್ತಿ ಸರಿಸುವುದನ್ನು ಕಲಿತುಬಿಟ್ಟಿತು; ಮಹಾಪೂಜೆಯ ಗಂಟೆ ಕೇಳಿದೊಡನೆ ಹೊರಟು ಬಂದು ಪ್ರಾಕಾರದ ಬಾಗಿಲಲ್ಲಿ ನೈವೇದ್ಯದ ಬಾಳೆಸಿಪ್ಪೆಗಾಗಿ ನಿಲ್ಲುತ್ತದೆ. ಇದನ್ನು ಯಾರೂ ಕಲಿಸಿದ್ದಲ್ಲ.

ಕ್ಷೀರವ್ರತದ ತಿಂಗಳಿನ ಹಾಲಿನ ಹಣವನ್ನು ಒಪ್ಪಿಸಲಿಚ್ಛಿಸುವ ಮಹನೀಯರು ದೇವಸ್ಥಾನದ ಕಾರ್ಯಾಲಯದಲ್ಲಿ ರಸೀದಿ ಪಡೆಯಬಹುದು. ಹುಲ್ಲು, ಹಿಂಡಿಗಳನ್ನು ಕೊಡುವವರು ಬೆಳಗಿನ ಪೂಜೆಯ ಅನಂತರ, ಎಂಟು ಗಂಟೆಯೊಳಗೆ, ಗಾಡಿಮನೆಯ ಬಳಿ ತೀರ್ಥರೂಪರನ್ನು ಕಾಣಬೇಕಾಗಿ ವಿನಂತಿ. ಆರಾಧನೆಯಂದು ಮಕ್ಕಳನ್ನು ಕರೆತರುವವರು ಅವರನ್ನು ಅಲ್ಲಿಗೂ ಕರೆದೊಯ್ಯಬಹುದು. ಕರುವಿಗೆ ಈವರೆಗೆ ಹೆಸರಿಟ್ಟಿಲ್ಲ.

ಶ್ರೀಕೃಷ್ಣಾರ್ಪಣಮಸ್ತು